ಮಾಡಿನ ಹೆಂಚು ಇಳಿಸುವ ಮೊದಲು

2024 ಫೆಬ್ರವರಿ 11, ಭಾನುವಾರ

ಇವತ್ತು ಆರಾಧನೆಯಲ್ಲಿ ಪ್ರಕಟಣೆಗೆ ಸಭಾಪಾಲಕರು ನನಗೆ ಸ್ವಲ್ಪ ಜಾಸ್ತಿ ಸಮಯ ಕೊಟ್ಟರು. ನಾಳೆಯಿಂದ ನಮ್ಮ ಚರ್ಚಿನ ಮಾಡಿನ, ಅಂದರೆ ಛಾವಣಿಯ, ಹೆಂಚು ಇಳಿಸುತ್ತಾರೆ, ಮುಂದಿನ ವಾರದಿಂದ ಆರಾಧನೆ ಪಕ್ಕದ ಹಾಲ್‌ನಲ್ಲಿ. ಇಷ್ಟು ಹೇಳಿದರೆ ಸಾಕು ಅಂತ ಕಮಿಟಿಯಲ್ಲಿ ಕೆಲವರು ಅಂದಿದ್ದರು. ನನಗೆ ಹಾಗನ್ನಿಸಲಿಲ್ಲ. ಇಲ್ಲೇ ದೀಕ್ಷಾಸ್ನಾನ ಪಡೆದವರು, ಇಲ್ಲೇ ಮದುವೆಯಾದವರು, ಅಪ್ಪ ಅಮ್ಮನನ್ನು ಇಲ್ಲಿಂದಲೇ ಕಳಿಸಿಕೊಟ್ಟವರು ನಮ್ಮ ಸಭೆಯ ಜನ. ಯಾಕೆ ಬಿಚ್ಚುತ್ತೇವೆ, ಎಷ್ಟು ಖರ್ಚು ಅನ್ನೋದು ಅವರಿಗೆ ನಮ್ಮಿಂದಲೇ ಗೊತ್ತಾಗಬೇಕು ಅಲ್ವಾ?

ಹೆಂಚನ್ನು ಹೊರುವ ಮರದ ಪಕ್ಕಾಸಿನಿಂದ ಆಚಾರಿ ಕತ್ತರಿಸಿ ಕೊಟ್ಟ ತುಂಡೊಂದನ್ನು ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿದ್ದೆವು. ನೋಡೋಕೆ ಬಣ್ಣ ಬಳಿದ ಗಟ್ಟಿ ಮರ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಇಳಿಯುತ್ತದೆ, ಮಣ್ಣು ಉದುರುತ್ತದೆ. ಗೆದ್ದಲು. ಈಗ ಈ ರಿಪೇರಿ ಬೇಕಿತ್ತಾ ಅಂತಿದ್ದ ಹಿರಿಯರೊಬ್ಬರು ಮತ್ತೆ ಮತ್ತೆ ಒತ್ತಿ ನೋಡಿ, "ಇದರ ಕೆಳಗಾ ನಾವು ಕೂತಿದ್ದು?" ಅಂದರು.

ಹಳೆಯ ಹೆಂಚು ಮಾರುತ್ತಾರಂತೆ ಅನ್ನೋ ಸುದ್ದಿ ಆಗಲೇ ಹಬ್ಬಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಮ್ಮ ಅಜ್ಜಂದಿರು ಎಷ್ಟೋ ಮಂದಿ ಅಂಥ ಕಾರ್ಖಾನೆಗಳಲ್ಲೇ ದುಡಿದವರು. ಹೆಂಚಿನ ಮೇಲೆ ಜನರಿಗೆ ಪ್ರೀತಿ ಇರದೆ ಇರುತ್ತಾ? ಅದಕ್ಕೇ ಬಿಡಿಸಿ ಹೇಳಿದೆ: ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಟಣ್ ಅಂದರೆ ತೊಳೆದು ಮತ್ತೆ ಮೇಲೇರಿಸುತ್ತಾರೆ. ಸದ್ದು ಒಡೆದು ಬಂದರೆ ಬಿರುಕು ಬಿಟ್ಟಿದೆ ಅಂತ ಲೆಕ್ಕ, ಅದನ್ನು ಮಾತ್ರ ಬದಿಗೆ ಹಾಕುತ್ತಾರೆ. ಯಾವುದನ್ನೂ ಮಾರೋದಿಲ್ಲ.

ಗೋಡೆಯ ವಿಷಯ ಹೇಳೋದು ಕಷ್ಟವಾಯಿತು. ಮುರಕಲ್ಲಿನ, ಅಂದರೆ ನೀರು ಹೀರುವ ಕೆಂಪು ಕಲ್ಲಿನ, ಗೋಡೆಗೆ ಹಿಂದೆ ಯಾವಾಗಲೋ ಸಿಮೆಂಟ್ ಬಳಿದಿದ್ದಾರೆ. ಕಲ್ಲು ಹೀರಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಸುಣ್ಣದ ಗಾರೆಯಾದರೆ ತೇವ ಆರಿ ಹೋಗುತ್ತದೆ. ಆದರೆ ಸುಣ್ಣ ನಿಧಾನ, ಒಂದು ಪದರ ಒಣಗಿದ ಮೇಲೇ ಇನ್ನೊಂದು. ಮಾಡು ಮಳೆಗಾಲಕ್ಕೆ ಮೊದಲು ಮುಗಿಯುತ್ತದೆ, ಗೋಡೆ ಮುಗಿಯೋದಿಲ್ಲ. ಮಾರ್ಚ್ 31ರ ಈಸ್ಟರ್ ಆರಾಧನೆಯೂ ಹಾಲ್‌ನಲ್ಲೇ. ಇದನ್ನು ಕೇಳಿ ಎಲ್ಲರ ಮುಖ ಸಪ್ಪಗಾಯಿತು. ಆ ಬೇಸರ ಇವತ್ತೇ ಆಗಿಹೋಗಲಿ, ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರದ ತನಕ ಸುಮ್ನೆ ಆಸೆ ಇಟ್ಟುಕೊಳ್ಳೋದು ಬೇಡ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ದುಬೈ, ಕುವೈತಿನಲ್ಲಿ ಇರುವವರಿಗೂ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಇಲ್ಲೇ ಪಾಗಾರದ (ಕಾಂಪೌಂಡ್ ಗೋಡೆಯ) ಆಚೆ ಇರುವ ಅಜ್ಜಿಗೆ ಗೊತ್ತಾಗೋದಿಲ್ಲ. ಗಂಡನ ನೆನಪಿಗೆ ಬೆಂಚು ಕೊಟ್ಟವರು ಅವರು. ಬೆಂಚು ಹೊರಗೆ ಸಾಗಿಸೋದನ್ನು ಕಿಟಕಿಯಿಂದ ನೋಡಿದರೆ ಅವರಿಗೆ ಹೇಗಾಗಬೇಡ? ಸ್ತ್ರೀಯರ ಅನ್ಯೋನ್ಯ ಕೂಟದ ಇಬ್ಬರು ಇವತ್ತು ಸಂಜೆಯೇ ಹೋಗಿ, ಬೆಂಚು ಎಲ್ಲಿ ಇಡುತ್ತೇವೆ ಅಂತ ಹೇಳಿ ಬಂದರು.

ವಾರದ ಖರ್ಚನ್ನು ಬೋರ್ಡಿನಲ್ಲಿ ಬರೆಯೋಣ ಅಂದಾಗ ಖಜಾಂಚಿಯವರು ಮೊದಲು ಹಿಂದೇಟು ಹಾಕಿದರು. ಪ್ರತಿಯೊಂದಕ್ಕೂ ಪ್ರಶ್ನೆ ಬರುತ್ತೆ ಅನ್ನೋದು ಅವರ ಚಿಂತೆ. ಬರಲಿ, ಉತ್ತರ ಹೇಳೋಣ ಅಂದೆ. ಒಪ್ಪಿದ್ದಾರೆ. ಬೋರ್ಡು ಹಾಲ್ ಬಾಗಿಲ ಎಡಕ್ಕೆ, ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.