ಹುಣಸೆಮರದಲ್ಲಿ ಹೆಜ್ಜಾರ್ಲೆ, ಕರಿಬೇವಿನಲ್ಲಿ ಹುಳ

ಯುಗಾದಿಗೆ ಮುಂಚಿನ ಭಾನುವಾರ ಅಮ್ಮನನ್ನು ಕರೆದುಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ದಾರಿಯಲ್ಲಿ ಹೊಂಗೆ ಹೂಬಿಟ್ಟಿತ್ತು. ಕಾರಿನ ಗಾಜು ಇಳಿಸಿದ್ದೇ ತಡ, ಘಮ ಒಳಗೆ ಬಂತು.

ಊರೊಳಗೆ ಕಾಲಿಟ್ಟರೆ ಮಾತ್ರ ಮೀನಿನ ವಾಸನೆ! ಇಲ್ಲಿ ಹಕ್ಕಿ ನೋಡಲು ಕಾಡಿಗೆ ಹೋಗಬೇಕಿಲ್ಲ. ಮನೆ ಪಕ್ಕದ ಹುಣಸೆಮರದಲ್ಲೇ ಗೂಡು. ಬಣ್ಣದ ಕೊಕ್ಕರೆಗಳು ಕೊಕ್ಕು ಕುಟ್ಟುವ ಟಕಟಕ ಸದ್ದು ಜಗಲಿಗೇ ಕೇಳುತ್ತದೆ. ನಾವು ಜಾಸ್ತಿ ಹೊತ್ತು ನಿಂತದ್ದು ಒಂದು ಹೆಜ್ಜಾರ್ಲೆ (ಪೆಲಿಕನ್) ಗೂಡಿನ ಕೆಳಗೆ. ದೊಡ್ಡ ಹಕ್ಕಿ ಬಂದು ಕೂತು ಬಾಯಿ ತೆರೆಯಿತು. ಮರಿ ತಲೆಯನ್ನು ಪೂರ್ತಿ ಅದರೊಳಗೆ ತೂರಿಸಿಬಿಟ್ಟಿತು. ಕತ್ತೂ ಕಾಣಲಿಲ್ಲ, ಬರೀ ಮೈ ಅಲ್ಲಾಡುತ್ತಿತ್ತು. ಅಮ್ಮ ಉಸಿರು ಬಿಗಿಹಿಡಿದು ನೋಡಿದರು. ಮರಿ ಹೊರಗೆ ಬಂದಾಗಲೇ ಅವರು ನಕ್ಕದ್ದು.

ಆ ಮನೆಯ ಅಜ್ಜಿ ನೀರು ತಂದುಕೊಟ್ಟರು. "ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣವ್ವ ಇವು. ಗಲೀಜು ಅಂತ ಓಡ್ಸಕ್ಕಾಯ್ತದಾ?" ಅಂದರು. ಮರದ ಕೆಳಗೆ ಗುಂಡಿ ತೆಗೆದು, ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಊರಿನವರು ಅದಕ್ಕೂ ಎಷ್ಟೋ ಮೊದಲಿನಿಂದ ಇವನ್ನು ಸಾಕಿಕೊಂಡು ಬಂದಿದ್ದಾರೆ. ನನಗೆ ದೊಡ್ಡದು ಅನಿಸುವುದು ಅದೇ.

ಲೋಟ ವಾಪಸ್ ಕೊಡಲು ಹಿತ್ತಿಲಿಗೆ ಹೋದಾಗ ನಿಂಬೆ ಚಿಟ್ಟೆಯೊಂದು ಕರಿಬೇವಿನ ಗಿಡದ ಸುತ್ತ ಸುಳಿಯುತ್ತಿತ್ತು. ಬಗ್ಗಿ ನೋಡಿದೆ. ಎಲೆಯ ಮೇಲೆ ಕಪ್ಪು-ಬಿಳಿ ಹಿಕ್ಕೆ. ಈ ಊರಲ್ಲಿ ಹಿಕ್ಕೆ ಬೀಳದ ಎಲೆ ಎಲ್ಲಿದೆ, ಅಲ್ವಾ? ಆದರೆ ಅದು ಮೆಲ್ಲಗೆ ಸರಿಯಿತು. ಚಿಟ್ಟೆಯ ಹುಳ! ಹಕ್ಕಿ ತಿನ್ನದಿರಲಿ ಎಂದೇ ಎಳೆಯ ಹುಳಕ್ಕೆ ಈ ವೇಷ. ಬೆಳೆದ ಮೇಲೆ ಎಲೆಯಂತೆ ಹಸಿರಾಗುತ್ತದೆ. ಹುಲ್ಲುಕಡ್ಡಿಯಿಂದ ಸುಮ್ನೆ ಮುಟ್ಟಿದೆ. ತಲೆಯ ಹಿಂದಿನಿಂದ ಎರಡು ಪುಟ್ಟ ಕೋಡು ಚಾಚಿತು, ಜತೆಗೆ ಒಂದು ಕಟುವಾದ ವಾಸನೆ. ಪಾಪ, ಹೆದರಿತ್ತು. ಕಡ್ಡಿ ಎಸೆದೆ.

ಅಜ್ಜಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ತುಂಬಾ ಹೊತ್ತು ನೋಡಿದರು. "ಇದು ಚಿಟ್ಟೆ ಆಯ್ತದಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಗಿಡದ ಆ ಕಡೆಗೆ ಹೋಗಿ, ಬೇರೆ ರೆಂಬೆಯಿಂದ ಒಗ್ಗರಣೆಗೆ ನಾಲ್ಕು ಎಸಳು ಕಿತ್ತುಕೊಂಡರು.