ಅರಿಹಂತ, 1:100: ಕಲಬುರಗಿಯ ಮಾದರಿ ಎಲ್ಲಿಗೆ ಬಂತು

ಭಾರತದ ಅಣುಶಕ್ತಿ ಜಲಾಂತರ್ಗಾಮಿ ಅರಿಹಂತದ ಮಾದರಿಯನ್ನು ಕಲಬುರಗಿಯಲ್ಲಿ ಕಟ್ಟುತ್ತಿದ್ದೇವೆ. ಬಹಿರಂಗವಾಗಿ ಸಿಗುವ ಅಳತೆಯಂತೆ ಅದರ ಉದ್ದ ಸುಮಾರು 111 ಮೀಟರ್, ಅಗಲ 11 ಮೀಟರ್. ನೂರಕ್ಕೆ ಭಾಗಿಸಿದರೆ ದಪ್ಪ 110 ಮಿ.ಮೀ. ಅಂದರೆ ಮನೆ ಡ್ರೈನೇಜಿಗೆ ಹಾಕುವ ನಾಲ್ಕಿಂಚಿನ ಪಿವಿಸಿ ಪೈಪೇ! 1:100 ಆರಿಸಿದ್ದು ಅದಕ್ಕೇ. ಮೂತಿ 12 ಸೆಂ.ಮೀ., ಪೈಪು 80, ಬಾಲ 19.

ಮೈ: ಪೈಪಿಗೆ ದಿನಪತ್ರಿಕೆಯ ಹಾಳೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗುರುತು ಹಾಕಿದರೆ ಕೊಯ್ತ ಓರೆಯಾಗದು. ಉದ್ದಗೆರೆಗೆ ಪೈಪನ್ನು ಎಲ್ ಆ್ಯಂಗಲ್‌ನಲ್ಲಿ ಕೂರಿಸಿ ಅದರ ಅಂಚಿಗೇ ಪೆನ್ಸಿಲ್ ಎಳೆಯಬೇಕು. ಮೊದಲ ಪೈಪು ಮೇ ಬಿಸಿಲಿಗೆ ಮಾಳಿಗೆಯ ಮೇಲೆ ಎರಡು ಇಟ್ಟಿಗೆಗಳ ನಡುವೆ ಉಳಿದು ಬಾಗಿತು. ಶಹಾಬಾದ ಫರಸಿಯ ಮೇಲೆ ಉರುಳಿಸಿದಾಗ ನಡುವೆ ಬೆಳಕು ಕಂಡಿತು, ಅದನ್ನು ಬಿಟ್ಟೆವು.

ಮೂತಿ: ಥರ್ಮಾಕೋಲ್ ಬೇಡ. ಪಿವಿಸಿ ಸೊಲ್ಯೂಷನ್ನೂ ಸ್ಪ್ರೇ ಬಣ್ಣವೂ ಅದನ್ನು ಕರಗಿಸುತ್ತವೆ. ಲೇಥಿನಲ್ಲಿ ಕಡೆದ ಕಟ್ಟಿಗೆಯೇ ಸರಿ. ಪೈಪಿನೊಳಗೆ ಹೋಗುವ ಭಾಗ ಒಳವ್ಯಾಸಕ್ಕಿಂತ ಅರ್ಧ ಮಿ.ಮೀ. ಕಡಿಮೆ ಇರಲಿ.

ಗೂನು: ಬೆನ್ನ ಮೇಲೆ ನಿಂತ ಗೋಪುರದ ಹಿಂದಿನ ಈ ಉಬ್ಬಿನ ಕೆಳಗೆ ನಾಲ್ಕು ಕ್ಷಿಪಣಿ ಕೊಳವೆಗಳಿವೆ. ಒಂದೊಂದರಲ್ಲಿ ಮೂರು ಕೆ-15 ಕ್ಷಿಪಣಿ, ಇಲ್ಲವೇ ಒಂದು ದೊಡ್ಡ ಕೆ-4. ಗೂನು ತಪ್ಪಿದರೆ ಇದು ಅರಿಹಂತವೇ ಅಲ್ಲ, ಯಾವುದೋ ಒಂದು ಜಲಾಂತರ್ಗಾಮಿ. ಸನ್‌ಬೋರ್ಡಿನ (ಹಗುರ ಫೋಮ್ ಹಲಗೆ) ಪದರ ಅಂಟಿಸಿ ಎಪಾಕ್ಸಿ ಪುಟ್ಟಿ ತುಂಬಿದೆವು. ಗೋಡೆಯ ಪುಟ್ಟಿ ದಪ್ಪ ಬಳಿದರೆ ಒಣಗುವಾಗ ಸೀಳುತ್ತದೆ.

ಬಣ್ಣ: 220ರ ಪಾಲಿಶ್ ಪೇಪರ್ ಉಜ್ಜದಿದ್ದರೆ ಪಿವಿಸಿ ಮೇಲೆ ಪ್ರೈಮರ್ ಸಿಪ್ಪೆಯಂತೆ ಏಳುತ್ತದೆ. ಬೆಳಗ್ಗೆ ಎಂಟರೊಳಗೇ ಸ್ಪ್ರೇ ಮುಗಿಯಲಿ. ಹೊತ್ತೇರಿದರೆ ಹನಿ ಗಾಳಿಯಲ್ಲೇ ಒಣಗಿ ಮೈಯೆಲ್ಲ ಪುಡಿಪುಡಿ.

ಹೆಸರು: ‘ಅರಿಹಂತ್’ ಎಂದು ಅರ್ಧಕ್ಕೆ ನಿಲ್ಲಿಸುವುದು ಹಿಂದಿಯ ಉಚ್ಚಾರ. ‘ಣಮೋ ಅರಿಹಂತಾಣಂ’ ಎಂದು ಬಸದಿಯಲ್ಲಿ ಕೇಳಿಬರುವ ಪದವೇ ಇದು. ಹಿಂದೆ ಜೈನರ ನೆಲೆಯಾಗಿದ್ದ ನಮ್ಮ ಮಳಖೇಡದ ನೆಲದಲ್ಲಿ ಅದು ಹೊಸದೇನಲ್ಲ. ಅರಿ ಎಂದರೆ ಹಗೆ, ಹಂತ ಎಂದರೆ ಕೊಲ್ಲುವವ; ಮೆಟ್ಟಿಲಿನ ಹಂತವಲ್ಲ. 2024ರ ಆಗಸ್ಟ್ 29ರಂದು ನೌಕಾಪಡೆ ಸೇರಿದ ಇದೇ ಬಗೆಯ ಎರಡನೆಯ ಜಲಾಂತರ್ಗಾಮಿ ಅರಿಘಾತ, ಅದೇ ‘ಅರಿ’ಯಿಂದ ಹುಟ್ಟಿದ ಹೆಸರು. ಫರಸಿಯ ಪೀಠದ ಮೇಲೆ ‘ಅರಿಹಂತ’ ಎಂದೇ ಕೆತ್ತಿಸಿದ್ದೇವೆ. ಒತ್ತಕ್ಷರ ಇಲ್ಲದ್ದರಿಂದ ಪಟ್ಟಿಯ ಪೂರಾ ಎತ್ತರ ಅಕ್ಷರಕ್ಕೇ ಸಿಕ್ಕಿತು. ಕೆಳಗೆ ಒಂದೇ ಸಾಲು: ವಿಶಾಖಪಟ್ಟಣ, 26 ಜುಲೈ 2009. ಅರಿಹಂತ ನೀರಿಗಿಳಿದ ಅಂದು, ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರ್‌ಶರಣ್ ಕೌರ್ ಅದರ ಮೈಗೆ ತೆಂಗಿನಕಾಯಿ ಒಡೆದಿದ್ದರು.

ಬಾಕಿ: ಏಳು ಅಲಗಿನ ಪ್ರೊಪೆಲ್ಲರ್. ಅಲಗು ಕೂರುವ ನಡುವಿನ 14 ಮಿ.ಮೀ. ಗುಂಬಕ್ಕೆ 44 ಮಿ.ಮೀ. ಕಾಗದದ ಪಟ್ಟಿ ಸುತ್ತಿ, 6.3 ಮಿ.ಮೀ.ಗೆ ಒಂದರಂತೆ ಗುರುತು ಹಾಕಿದ್ದಾಗಿದೆ. ತಗಡು ಕತ್ತರಿಸಬೇಕು.