56 ಸೆಂಟಿಮೀಟರ್

ಕಾಯಿಲ್ ಕಟ್ಟುವ ಬಿಳಿ ದಾರ ನಮ್ಮ ಅಂಗಡಿಯಲ್ಲಿ ಯಾವಾಗಲೂ ಇರುತ್ತದೆ. ಚಿಕ್ಕಮಗಳೂರಿನಲ್ಲಿ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು, ನನ್ನ ಕಸುಬು. ತೋಟದ ಪಂಪ್‌ಸೆಟ್, ಕಾಫಿ ಪಲ್ಪರ್ ಮೋಟಾರ್, ಮಿಕ್ಸಿ, ಫ್ಯಾನ್, ಎಲ್ಲ ಬರುತ್ತವೆ. ಒಂದು ರಾತ್ರಿ ಆ ದಾರದ ಉಂಡೆಯನ್ನು ಮನೆಗೆ ತಂದೆ. ಮಹಡಿ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಟದ ಕಾರುಗಳ ಟ್ರ್ಯಾಕ್ ಬರೆದಿದ್ದೆ. ಅದರ ಮೇಲೆ ದಾರ ಹಾಸಿದೆ. ಒಳದಾರಿಗೆ ಒಂದು, ಹೊರದಾರಿಗೆ ಒಂದು. ಎರಡನ್ನೂ ಎತ್ತಿ ಪಕ್ಕಪಕ್ಕ ಎಳೆದು ಇಟ್ಟರೆ ಹೊರದಾರಿಯದು 56 ಸೆಂ.ಮೀ. ಜಾಸ್ತಿ. ನಕ್ಷೆ ಅಳಿಸಿ ಬೇರೆ ಬರೆದೆ. ಮತ್ತೆ 56. ಇನ್ನೊಂದು ಬರೆದೆ. ಅದಕ್ಕೂ ಅಷ್ಟೇ.

ಇದು ಶುರುವಾಗಿದ್ದು ಮಗಳ ಮಾತಿನಿಂದ. ಅವಳು ಈಗ ಎಂಟನೇ ಕ್ಲಾಸು. ಮನೆಯಲ್ಲಿ ಒಂದು ಸಣ್ಣ ಸ್ಲಾಟ್ ಕಾರ್ ಸೆಟ್ ಇತ್ತು, ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಮೊಟ್ಟೆ ಆಕಾರದ ಟ್ರ್ಯಾಕ್ ಮಾಡುವಂಥದ್ದು. ಹೊರದಾರಿ ಅವಳದು, ಒಳದಾರಿ ನನ್ನದು. ಒಂದು ದಿನ ಕಂಟ್ರೋಲರ್ ಕೆಳಗಿಟ್ಟು, "ಅಪ್ಪಾ, ನನ್ನ ದಾರೀನೇ ಉದ್ದ ಇದೆ. ನಾನು ಚೆನ್ನಾಗಿ ಓಡಿಸಿದರೂ ಸೋಲ್ತೀನಿ" ಅಂದಳು. ಹೊರಗಿನ ತಿರುವು ಅಗಲ ಇರುತ್ತೆ, ಜೋರಾಗಿ ಹೋಗಬಹುದು ಅಂತ ಸಮಾಧಾನ ಹೇಳಿದೆ. ಅದೂ ನಿಜವೇ. ಆದರೆ ಅವಳು ಹೇಳಿದ್ದು ಅದಕ್ಕಿಂತ ನಿಜ. ಇಬ್ಬರಿಗೂ ಒಂದೇ ಉದ್ದದ ದಾರಿ ಇರುವ ಟ್ರ್ಯಾಕ್ ನಾನೇ ಕಟ್ಟಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಸ್ಲಾಟ್ ಕಾರ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ರಸ್ತೆಯ ಮಧ್ಯೆ ಒಂದು ಸೀಳು ಇರುತ್ತದೆ. ಕಾರಿನ ಮೂತಿಯ ಕೆಳಗಿರುವ ಸಣ್ಣ ನಾಲಗೆ ಆ ಸೀಳಿನಲ್ಲಿ ಕೂತು ಓಡುತ್ತದೆ. ಸೀಳಿನ ಎರಡೂ ಪಕ್ಕ ಲೋಹದ ಪಟ್ಟಿ. ಕಾರಿನ ಕೆಳಗಿನ ತಾಮ್ರದ ಜಡೆಗಳು ಅದರಿಂದ ಕರೆಂಟ್ ತೆಗೆದುಕೊಳ್ಳುತ್ತವೆ. ಸ್ಟಿಯರಿಂಗ್ ಇಲ್ಲ, ಕೈಯಲ್ಲಿರುವುದು ವೇಗ ಮಾತ್ರ. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಕಾರು ಸೀಳಿನಿಂದ ಹಾರಿ ಹೊರಗೆ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ತಮ್ಮ ಸ್ಕೇಲೆಕ್ಸ್ ಅನ್ನುವ ಕೀ ಕೊಡುವ ಕಾರಿಗೆ ಕರೆಂಟ್ ಮೋಟಾರ್ ಕೂರಿಸಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಅಂತ ತಂದರು. ಹೆಸರಿನಲ್ಲೇ ಎಲೆಕ್ಟ್ರಿಕ್ ಸೇರಿದೆ. ಮನೆಗಳಲ್ಲಿ ಹೆಚ್ಚು ನಡೆಯುವುದು 1:32 ಅಳತೆ. 4 ಮೀಟರ್ ಉದ್ದದ ಕಾರು 12.5 ಸೆಂ.ಮೀ. ಆಗುತ್ತದೆ, ಅಂಗೈ ಮೇಲೆ ಕೂರುತ್ತದೆ.

ಮತ್ತೆ ದಾರಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರದಿಂದ ಇಳಿಯುವಾಗ ಎಡಕ್ಕೊಂದು, ಬಲಕ್ಕೊಂದು ತಿರುವು ಬರುತ್ತವಲ್ಲ, ಹಾಗೆ ಮಾಡಿದರೆ ಎರಡೂ ದಾರಿ ಸರಿಸಮ ಆಗುತ್ತವೆ ಅಂದುಕೊಂಡಿದ್ದೆ. ಎಷ್ಟು ತಿರುವು ಹಾಕಿದರೂ ಆ 56 ಮಾತ್ರ ಹೋಗಲಿಲ್ಲ. ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಅಪ್ಪಾ, ಇದು ಎರಡು ಪೈ ಆರ್ ಅಲ್ವಾ?" ಅಂದಳು. ಎರಡು ದಾರಿಗಳ ನಡುವೆ 9 ಸೆಂ.ಮೀ. ಇಟ್ಟಿದ್ದೆ. 9ನ್ನು 6.28ರಿಂದ ಗುಣಿಸಿ ತೋರಿಸಿದಳು. 56.5.

ಆಗ ಹೊಳೆಯಿತು. ಎಡಕ್ಕೆ ತಿರುಗಿದ್ದು ಬಲಕ್ಕೆ ತಿರುಗಿದ್ದರಲ್ಲಿ ವಜಾ ಆಗುತ್ತದೆ. ಆದರೆ ಹೊರಟ ಜಾಗಕ್ಕೇ ವಾಪಸ್ ಬರಬೇಕಾದರೆ ಕೊನೆಗೆ ಒಂದು ಪೂರ್ತಿ ಸುತ್ತು ಉಳಿದೇ ಉಳಿಯುತ್ತದೆ. ಮೋಟಾರಿನಲ್ಲಿ ಒಳಗಿನ ಕಾಯಿಲ್‌ಗಿಂತ ಅದರ ಹೊರಗಿನ ಕಾಯಿಲ್‌ಗೆ ತಂತಿ ಜಾಸ್ತಿ ಹಿಡಿಯುತ್ತದೆ, ದಿನಾ ಮಾಡುವ ಕೆಲಸ ಇದು. ಟ್ರ್ಯಾಕ್ ದೊಡ್ಡದೋ ಚಿಕ್ಕದೋ, ಅದು ಲೆಕ್ಕಕ್ಕೇ ಬರುವುದಿಲ್ಲ. 20 ಸುತ್ತಿನ ಓಟಕ್ಕೆ 11 ಮೀಟರ್ ಜಾಸ್ತಿ ಓಡಬೇಕು ಅವಳ ಕಾರು. ಇಷ್ಟು ದಿನ ಆ ದಾರಿಯಲ್ಲಿ ಓಡಿಸಿದ್ದಾಳಲ್ಲ ಅಂತ ಹೊಟ್ಟೆ ಚುರುಕ್ ಅಂತು.

ನನಗೆ ಹೊಳೆದ ಪರಿಹಾರ ಒಂದೇ. ಟ್ರ್ಯಾಕ್ ತನ್ನನ್ನೇ ದಾಟಬೇಕು, 8ರ ಆಕಾರ. 8ರ ಒಂದು ಹೊಟ್ಟೆಯಲ್ಲಿ ಒಳಗಿದ್ದ ದಾರಿ ಇನ್ನೊಂದು ಹೊಟ್ಟೆಯಲ್ಲಿ ಹೊರಗೆ ಬರುತ್ತದೆ. ದಾಟುವ ಕಡೆ ಸೇತುವೆ. 8ರ ಎರಡೂ ಹೊಟ್ಟೆಯಲ್ಲಿ ಘಾಟಿ ತಿರುವು ಸೇರಿಸಿ ಬರೆದು ಮತ್ತೆ ದಾರ ಹಾಸಿದೆ. ಎರಡು ತುದಿಗಳೂ ಒಂದೇ ಕಡೆ ಬಂದು ನಿಂತವು. ಮಗಳು ಆ ಎರಡು ದಾರವನ್ನು ಗಂಟು ಹಾಕಿ ಕಿಟಕಿ ಸರಳಿಗೆ ಕಟ್ಟಿದಳು. ಇನ್ನೂ ಅಲ್ಲೇ ಇದೆ.

ಹಲಗೆಯ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ನುಣುಪಾಗಿ ಸೀಳು ಬೀಳುತ್ತದೆ ಅಂತ ಮೊದಲು ಎಂಡಿಎಫ್ ತಂದೆ, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಹಲಗೆ. ಬೇರೆ ಊರುಗಳಲ್ಲಿ ಬಹಳ ಜನ ಅದರಲ್ಲೇ ಮಾಡುತ್ತಾರೆ. ಜುಲೈ ಬಂತು. ಗೋಡೆ ಪಕ್ಕದ ಅಂಚು ಉಬ್ಬಿತು. 3 ಮಿ.ಮೀ. ಅಗಲದ ಸೀಳು ಕಿರಿದಾಗಿ ಕಾರಿನ ನಾಲಗೆ ಸಿಕ್ಕಿಕೊಳ್ಳತೊಡಗಿತು. ನಮ್ಮ ಆಚಾರ್ರು ಬಂದು ಬೆರಳಿನಿಂದ ಅಂಚು ಉಜ್ಜಿ ನೋಡಿ, "ಇದು ಕಾಗದ ಇದ್ದ ಹಾಗೆ ಕಣ್ರೀ, ನಮ್ಮೂರ ಥಂಡಿ ಕುಡಿಯುತ್ತೆ" ಅಂದರು. ಎರಡನೇ ಸಲ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, ಒಂದೂವರೆ ಶೀಟು. 12 ಅಡಿ ಉದ್ದ, 4 ಅಡಿ ಅಗಲ. ಗೋಡೆಯಿಂದ ದೂರ, ಎರಡೂ ಕಡೆಯಿಂದ ಕೈ ನಿಲುಕುವ ಹಾಗೆ ಇಟ್ಟಿದ್ದೇವೆ. ಕಾರು ಬಿದ್ದಾಗ ಎತ್ತಿಡಬೇಕಲ್ವಾ.

ಸೀಳು ಕೊರೆದದ್ದು ಆಚಾರ್ರ ರೌಟರ್, ಮರ ಕೊರೆಯುವ ಮೆಷಿನ್. ಬಗ್ಗುವ ಪಿವಿಸಿ ಪಟ್ಟಿಯನ್ನು ಗೆರೆಯ ಪಕ್ಕ ಸಣ್ಣ ಮೊಳೆಯಿಂದ ಕೂರಿಸಿ, ಅದಕ್ಕೆ ಒರಗಿಸಿಕೊಂಡು 7 ಮಿ.ಮೀ. ಆಳ ಕೊರೆದರು. ಎರಡನೇ ಸೀಳಿಗೆ ಪಟ್ಟಿ ಬೇಕಾಗಲಿಲ್ಲ. ರೌಟರ್‌ನ ಅಡಿಗೆ ಒಂದು ತಗಡು ಜೋಡಿಸಿ, ಅದರಲ್ಲಿ ಕೊರೆಯುವ ಬಿಟ್‌ನಿಂದ 9 ಸೆಂ.ಮೀ. ದೂರಕ್ಕೆ ಎರಡು ಮೊಳೆ ಇಳಿಸಿದರು. ಮೊಳೆಗಳು ಮೊದಲ ಸೀಳಿನಲ್ಲಿ ಜಾರುತ್ತ ಹೋದ ಹಾಗೆ ಎರಡನೆಯದು ತಾನೇ ಸಮವಾಗಿ ಬಂತು. ಆ ತಗಡು ಅವರದೇ ಯೋಚನೆ. ಸೇತುವೆಗೆ 9 ಸೆಂ.ಮೀ. ಏರು, ಅದನ್ನು 4 ಅಡಿ ಉದ್ದಕ್ಕೆ ಹರಡಿದೆವು. ನೆತ್ತಿ ಚೂಪಾದರೆ ಕಾರಿನ ಮೂತಿ ಎದ್ದು ನಾಲಗೆ ಸೀಳಿನಿಂದ ಕಳಚುತ್ತದೆ. ಆನೆಯ ಬೆನ್ನಿನ ಹಾಗೆ ಗುಂಡಗೆ ಮಾಡಿಸಿದೆ.

ಇಲ್ಲಿಂದ ಮುಂದೆ ನನ್ನ ಕೆಲಸ. ಸೀಳಿನ ಎರಡೂ ಬದಿಗೆ 6 ಮಿ.ಮೀ. ತಾಮ್ರದ ಟೇಪ್ ಅಂಟಿಸಿದೆ. ಟೇಪ್ ತುಂಬಾ ತೆಳು, ಕರೆಂಟ್ ಕೊಟ್ಟ ಜಾಗದಿಂದ ದೂರ ಹೋದಷ್ಟೂ ವೋಲ್ಟೇಜ್ ಬೀಳುತ್ತದೆ. ಲೈನಿನ ಕೊನೆಯ ತೋಟದ ಪಂಪು ಗುಂಯ್ ಅಂತ ನರಳುತ್ತದಲ್ಲ, ಅದೇ ಕಥೆ. ಅಂಥ ಪಂಪುಗಳು ಸುಟ್ಟು ನನ್ನ ಅಂಗಡಿಗೇ ಬರುತ್ತವೆ. ಅದಕ್ಕೇ ಹಲಗೆಯ ಕೆಳಗೆ 2.5 ಚದರ ಮಿ.ಮೀ. ವೈರ್ ಸುತ್ತ ಎಳೆದು, ಆರು ಕಡೆ ಮೇಲಿನ ಟೇಪಿಗೆ ಬೆಸುಗೆ ಹಾಕಿದೆ. ಒಂದೊಂದು ದಾರಿಗೆ ಪ್ರತ್ಯೇಕ 12 ವೋಲ್ಟ್ ಸಪ್ಲೈ. ಒಬ್ಬರು ಜೋರಾಗಿ ಒತ್ತಿದರೆ ಇನ್ನೊಬ್ಬರ ಕಾರು ಕುಗ್ಗಬಾರದು.

ಕಂಟ್ರೋಲರ್ ಕೂಡ ನಾನೇ ಸುತ್ತಿದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. 0.3 ಮಿ.ಮೀ. ನೈಕ್ರೋಮ್ ತಂತಿ ಎರಡೂವರೆ ಮೀಟರ್ ತೆಗೆದುಕೊಂಡರೆ ಹತ್ತಿರಹತ್ತಿರ 40 ಓಮ್ ಬರುತ್ತದೆ. ಹಳೇ ಇಸ್ತ್ರಿ ಪೆಟ್ಟಿಗೆಯ ಮೈಕಾ ಹೊದಿಸಿದ ಪಟ್ಟಿಯ ಮೇಲೆ ಅದನ್ನು ಸುತ್ತಬೇಕು. ಸುತ್ತಿಗೆ ಸುತ್ತು ತಾಗಬಾರದು. ಅದಕ್ಕೆ ತಂತಿಯ ಜೊತೆಗೇ ಕಾಯಿಲ್ ದಾರವನ್ನೂ ಸೇರಿಸಿ ಸುತ್ತಿದೆ, ಒಂದು ಎಳೆ ತಂತಿ, ಒಂದು ಎಳೆ ದಾರ. ಆಮೇಲೆ ದಾರ ಮಾತ್ರ ನಿಧಾನಕ್ಕೆ ಬಿಚ್ಚಿದರೆ ತಂತಿಯ ಸುತ್ತುಗಳು ಬಾಚಣಿಗೆ ಹಲ್ಲಿನ ಹಾಗೆ ಸಮವಾಗಿ ನಿಂತಿರುತ್ತವೆ. ಟ್ರಿಗರ್ ಒತ್ತಿದರೆ ಒಂದು ಹಿತ್ತಾಳೆ ನಾಲಗೆ ಅದರ ಮೇಲೆ ಜಾರುತ್ತದೆ. ಜಾರಿದಷ್ಟೂ ತಡೆ ಕಮ್ಮಿ, ಕಾರು ಜೋರು.

ಬೆರಳು ಪೂರ್ತಿ ಬಿಟ್ಟಾಗ ಆಗುವುದನ್ನು ಹೇಳಲೇಬೇಕು. ಆಗ ಆ ಹಿತ್ತಾಳೆ ನಾಲಗೆ ಹಿಂದಕ್ಕೆ ಬಂದು ದಾರಿಯ ಎರಡೂ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸುತ್ತದೆ. ಕರೆಂಟ್ ಇಲ್ಲ, ಆದರೆ ಕಾರಿನ ಮೋಟಾರ್ ಇನ್ನೂ ತಿರುಗುತ್ತಿರುತ್ತದೆ. ತಿರುಗುವ ಮೋಟಾರ್ ಅಂದರೆ ಡೈನಮೋ. ಅದು ಹುಟ್ಟಿಸಿದ ಕರೆಂಟ್ ಪಟ್ಟಿಗಳ ಮೂಲಕ ಸುತ್ತಿ ಅದಕ್ಕೇ ವಾಪಸ್ ಬಂದು ಅದನ್ನೇ ಹಿಡಿದು ನಿಲ್ಲಿಸುತ್ತದೆ. ಸೇತುವೆ ಇಳಿದು ಹೇರ್‌ಪಿನ್ ತಿರುವಿಗೆ ನುಗ್ಗುವ ಕಾರು ಬೆರಳು ಬಿಟ್ಟ ಕ್ಷಣ ಮೂಗುದಾರ ಎಳೆದ ಎತ್ತಿನ ಹಾಗೆ ನಿಲ್ಲುತ್ತದೆ. ಪಟ್ಟಿಗಳನ್ನು ಹೀಗೆ ಸೇರಿಸುವ ಒಂದು ವೈರ್ ಹಾಕುವವರೆಗೆ ನಮ್ಮ ಇಬ್ಬರ ಕಾರೂ ಅಲ್ಲಿ ಬೀಳುತ್ತಿದ್ದವು.

ಅಲಂಕಾರ ಮಗಳದು. ಕಾಫಿ ಚರಟ ಒಣಗಿಸಿ ಫೆವಿಕಾಲ್‌ನಲ್ಲಿ ಕಲಸಿ ರಸ್ತೆ ಬದಿಗೆ ಮಣ್ಣು ಮಾಡಿದ್ದಾಳೆ. ಸರಿಯಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ನೆನಪಿರಲಿ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಕತ್ತರಿಸಿ ಕಾಫಿ ಗಿಡ, ಊದುಬತ್ತಿ ಕಡ್ಡಿಗೆ ಹಸಿರು ನೂಲು ಸುತ್ತಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ತಿರುವಿನ ಮೂಲೆಯಲ್ಲಿ ಬೆಂಕಿಪೊಟ್ಟಣದ ನೀರುದೋಸೆ ಅಂಗಡಿ. 2016ರಲ್ಲಿ ಏಷ್ಯಾ ಪೆಸಿಫಿಕ್ ಕಾರ್ ರ‍್ಯಾಲಿ ನಮ್ಮೂರಿಗೆ ಬಂದಾಗ ಅವಳು ತೀರಾ ಚಿಕ್ಕವಳು, ಹೆಗಲ ಮೇಲೆ ಕೂರಿಸಿಕೊಂಡು ತೋಟದ ದಾರಿಯಲ್ಲಿ ನಿಂತಿದ್ದೆ. ಧೂಳು ಮಾತ್ರ ಅವಳಿಗೆ ನೆನಪಿದೆಯಂತೆ. ಅಂಗಡಿಯ ಗೋಡೆಗೂ ಆ ಕೆಂಪು ಧೂಳಿನ ಬಣ್ಣ ಬಳಿದಿದ್ದಾಳೆ.

ಮಳೆಗಾಲದಲ್ಲಿ ತಾಮ್ರ ಕಪ್ಪಾಗುತ್ತದೆ. ಓಡಿಸುವ ಮೊದಲು ಪೆನ್ಸಿಲ್ ರಬ್ಬರ್‌ನಿಂದ ಒಂದು ಸುತ್ತು ಉಜ್ಜುತ್ತೇವೆ. ಕರೆಂಟ್ ಹೋದರೆ ಅಂಗಡಿಯ ಬೈಕ್ ಬ್ಯಾಟರಿ ತಂದು ಕೊಡುತ್ತೇನೆ, ಮಧ್ಯೆ 5 ಆಂಪ್ ಫ್ಯೂಸ್ ಹಾಕಿ. ಮೊನ್ನೆ ಹಾಗೇ ಆಯಿತು. ಹೊರಗೆ ಜೋರು ಮಳೆ, ಕೋಣೆ ಕತ್ತಲೆ, ಕಾರುಗಳ ಹೆಡ್‌ಲೈಟ್ ಮಾತ್ರ. ಕೊನೆಯ ಸುತ್ತಿನಲ್ಲಿ ಅವಳ ಬೆಳಕು ಸೇತುವೆಯ ಮೇಲೆ, ನನ್ನದು ಇನ್ನೂ ಕೆಳಗೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಾರು ಎಷ್ಟು ಗೆದ್ದೆವು ಅಂತ ಲೆಕ್ಕ ಬರೆದಿಡುತ್ತಾಳೆ. ಈಗ ಅವಳು 14, ನಾನು 11.